ನಮ್ಮ ಮನೆ ನಕ್ಷೆಯಲ್ಲಿ ಯಾವ ಬಣ್ಣ?

2024ರ ದಸರಾ ಹಬ್ಬಕ್ಕೆ ಮುಂಚೆ ಅಡುಗೆಮನೆಯ ಮೇಲಿನ ಶೆಲ್ಫಿನ ಕಾಗದ ಬದಲಿಸುತ್ತಿದ್ದೆ. ಕೆಳಗಿನ ಶೆಲ್ಫುಗಳಲ್ಲಿ ಬದಲಿಸಲು ಏನೂ ಉಳಿದಿರಲಿಲ್ಲ. ಸೆಪ್ಟೆಂಬರ್ ಮೊದಲ ವಾರ ಮನೆಗೆ ನುಗ್ಗಿದ ನೀರು ಅಕ್ಕಿ, ಬೇಳೆ, ಹಿಟ್ಟಿನ ಡಬ್ಬಿಗಳ ಜೊತೆ ಆ ಕಾಗದವನ್ನೂ ಹಾಳು ಮಾಡಿತ್ತು. ಮೇಲಿನ ಶೆಲ್ಫು ಮಾತ್ರ ಒಣಗಿತ್ತು. ಉಪ್ಪಿನಕಾಯಿ ಭರಣಿಯ ಕೆಳಗೆ ಎಣ್ಣೆ ಕುಡಿದು ಹಳದಿಯಾಗಿದ್ದ ಒಂದು ತೆಲುಗು ಪತ್ರಿಕೆಯ ಹಾಳೆಯನ್ನು ಎಳೆದು ಎಸೆಯುವವಳಿದ್ದೆ. ಮೂಲೆಯಲ್ಲಿ ಸಣ್ಣ ಅಕ್ಷರದ ಒಂದು ಪ್ರಕಟಣೆ ಕಣ್ಣಿಗೆ ಬಿತ್ತು. ಅದರಲ್ಲಿ ಒಂದು ಸರ್ವೆ ನಂಬರು. ಅದು ನಮ್ಮ ಮನೆಯ ಹಿಂದಿನ ಜಾಗದ ನಂಬರು.

ಆ ಜಾಗವನ್ನು ನಕ್ಷೆಯಲ್ಲಿ ತೋರಿಸಿರುವ ಬಳಕೆಯಿಂದ ವಾಣಿಜ್ಯ ಬಳಕೆಗೆ ಬದಲಿಸುವ ಪ್ರಸ್ತಾವ ಇದೆ, ಸಾರ್ವಜನಿಕರು ತಮ್ಮ ಆಕ್ಷೇಪಣೆ, ಸಲಹೆಗಳೇನಿದ್ದರೂ 15 ದಿನಗಳೊಳಗೆ ಬರವಣಿಗೆಯಲ್ಲಿ ತಿಳಿಸಬೇಕು ಎಂಬುದು ಅದರ ಸಾರಾಂಶ. ತಾರೀಖು ನೋಡಿದರೆ ಹಲವು ವರ್ಷಗಳ ಹಿಂದಿನದು. ಅಂದರೆ ಸರ್ಕಾರ ನಮ್ಮನ್ನು ಕೇಳಿತ್ತು. ನಾವು ಆ ಪ್ರಶ್ನೆಯ ಮೇಲೆ ಉಪ್ಪಿನಕಾಯಿ ಇಟ್ಟು ಕುಳಿತಿದ್ದೆವು!

ನಮ್ಮ ಸಂಘದ ಯುವಕ ಯುವತಿಯರೇ, ಈ ಲೇಖನ ನಿಮಗಾಗಿ. ನಿಮ್ಮಲ್ಲಿ ಹಲವರು ಈ ಊರಲ್ಲೇ ಹುಟ್ಟಿದವರು. ಕನ್ನಡಕ್ಕಿಂತ ತೆಲುಗು, ಇಂಗ್ಲಿಷು ನಿಮಗೆ ಸಲೀಸು. ಈಗ ಒಬ್ಬೊಬ್ಬರಾಗಿ ಸೈಟು, ಫ್ಲ್ಯಾಟು ಎಂದು ಓಡಾಡುತ್ತಿದ್ದೀರಿ. ವಾಸ್ತು ಕೇಳುತ್ತೀರಿ, ಬ್ಯಾಂಕಿನ ಬಡ್ಡಿ ಕೇಳುತ್ತೀರಿ, ಮೆಟ್ರೋ ಯಾವಾಗ ಬರುತ್ತದೆ ಎಂದು ಕೇಳುತ್ತೀರಿ. ಆ ಜಾಗ ನಗರದ ನಕ್ಷೆಯಲ್ಲಿ ಯಾವ ಬಣ್ಣದಲ್ಲಿದೆ ಎಂದು ಕೇಳಿದವರನ್ನು ನಾನು ಇನ್ನೂ ಕಂಡಿಲ್ಲ. ನಾನೂ ಕೇಳಿರಲಿಲ್ಲ.

ನಗರದ ಮಾಸ್ಟರ್ ಪ್ಲಾನ್ ಅಂದರೆ ಒಂದು ದೊಡ್ಡ ಬಣ್ಣದ ನಕ್ಷೆ. ಸಾಮಾನ್ಯವಾಗಿ ಹಳದಿ ಅಂದರೆ ವಾಸದ ಮನೆಗಳು. ನೀಲಿ ಅಂದರೆ ಅಂಗಡಿ ಮುಂಗಟ್ಟು. ನೇರಳೆ ಅಂದರೆ ಕಾರ್ಖಾನೆ. ಕೆಂಪು ಅಂದರೆ ಶಾಲೆ, ಆಸ್ಪತ್ರೆ, ಕಚೇರಿ. ಹಸಿರು ಅಂದರೆ ಉದ್ಯಾನ, ಆಟದ ಬಯಲು, ಹೊಲ. ಯಾವ ಬಣ್ಣದ ಜಾಗದಲ್ಲಿ ಏನು ಕಟ್ಟಬಹುದು, ಎಷ್ಟು ಎತ್ತರ ಕಟ್ಟಬಹುದು, ಸುತ್ತ ಎಷ್ಟು ಜಾಗ ಬಿಡಬೇಕು ಎನ್ನುವ ಕಟ್ಟಳೆಗೆ ಝೋನಿಂಗ್ ಎನ್ನುತ್ತಾರೆ. ವಿಜಯವಾಡದಲ್ಲಿ ಈ ಕೆಲಸಕ್ಕೆಂದು 1978ರಲ್ಲಿ ವಿಜಯವಾಡ-ಗುಂಟೂರು-ತೆನಾಲಿ-ಮಂಗಳಗಿರಿ ನಗರಾಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಹಳಬರ ಬಾಯಲ್ಲಿ ಅದು ಇಂದಿಗೂ 'ಉಡಾ'. ರಾಜ್ಯ ಇಬ್ಭಾಗವಾದ 2014ರ ಕೊನೆಯಲ್ಲಿ ಅದರ ಜಾಗಕ್ಕೆ ರಾಜಧಾನಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಸಿಆರ್‌ಡಿಎ ಬಂತು. ವಿಶಾಖಪಟ್ಟಣದಲ್ಲಿ 1978ರಲ್ಲೇ ಬಂದ 'ವುಡಾ' 2018ರಲ್ಲಿ ಹೆಸರು ಬದಲಿಸಿಕೊಂಡಿತು. ಹೆಸರುಗಳು ಹೋಗುತ್ತವೆ, ಬರುತ್ತವೆ. ನಕ್ಷೆಯ ಬಣ್ಣ ಮಾತ್ರ ನಮ್ಮ ಮನೆಯ ಸುತ್ತ ಹಾಗೇ ಕೂತಿರುತ್ತದೆ, ಯಾರಾದರೂ ಅರ್ಜಿ ಕೊಟ್ಟು ಬದಲಿಸುವವರೆಗೆ.

ನಾವು ಭವಾನಿಪುರಂಗೆ ಬಂದಾಗ ಮನೆಯ ಹಿಂದೆ ತಗ್ಗಾದ ಬಯಲಿತ್ತು. ಮಳೆ ಬಂದರೆ ಒಂದು ವಾರ ಅಲ್ಲಿ ನೀರು ನಿಲ್ಲುತ್ತಿತ್ತು. ಕೊಕ್ಕರೆಗಳು ಬರುತ್ತಿದ್ದವು. ಕಪ್ಪೆಗಳ ಗಲಾಟೆಗೆ ನಿದ್ದೆ ಬರುವುದಿಲ್ಲ ಎಂದು ನನ್ನ ಮಗಳು ಗೊಣಗುತ್ತಿದ್ದಳು. ಆಮೇಲೆ ನೀರು ಮೆಲ್ಲಗೆ ಅಂಚಿನ ಮುರುಗು ಕಾಲುವೆಗೆ ಇಳಿದು ಹೋಗುತ್ತಿತ್ತು. ಆ ತಗ್ಗು ನಮಗೊಂದು ಪಾತ್ರೆಯ ಹಾಗೆ ಕೆಲಸ ಮಾಡುತ್ತಿತ್ತೆಂದು ಆಗ ಹೊಳೆಯಲಿಲ್ಲ. ಸೊಳ್ಳೆ ಕಾಟ ಎಂದು ಬೈದುಕೊಳ್ಳುತ್ತಿದ್ದೆವು. ಒಂದು ವರ್ಷ ಲಾರಿಗಳು ಬಂದವು, ಮಣ್ಣು ಸುರಿದವು. ನಮ್ಮ ಅಂಗಳಕ್ಕಿಂತ ನಾಲ್ಕೈದು ಅಡಿ ಎತ್ತರಕ್ಕೆ ಗೋದಾಮು ಎದ್ದಿತು. ಸೊಳ್ಳೆ ಕಡಿಮೆಯಾಯಿತು ಎಂದು ಮೊದಲು ಸಂತೋಷಪಟ್ಟವಳು ನಾನೇ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಆ ಗೋದಾಮು ಇಲ್ಲದಿದ್ದರೆ ನಮ್ಮ ಮನೆಗೆ ನೀರು ಬರುತ್ತಲೇ ಇರಲಿಲ್ಲ ಎಂದು ನಾನು ಹೇಳಲಾರೆ. 2024ರ ನೀರು ಹಾಗಿತ್ತು. ಆದರೆ ಬಂದ ನೀರು ಹೋಗಲು ದಾರಿಯಿಲ್ಲದೆ ದಿನಗಟ್ಟಲೆ ನಮ್ಮ ನಡುಮನೆಯಲ್ಲಿ ನಿಂತದ್ದನ್ನು ನಾನು ಮಹಡಿ ಮೆಟ್ಟಿಲ ಮೇಲೆ ಕೂತು ನೋಡಿದ್ದೇನೆ.

ಆ ನೀರಿನ ಕಥೆ ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ವಿಜಯವಾಡ ಅಂದರೆ ಎಲ್ಲರಿಗೂ ಕೃಷ್ಣೆ ನೆನಪಾಗುತ್ತಾಳೆ, ಪ್ರಕಾಶಂ ಬ್ಯಾರೇಜು ನೆನಪಾಗುತ್ತದೆ. ಆದರೆ ಈ ಊರಿಗೆ ಇನ್ನೊಂದು ಹೊಳೆಯಿದೆ, ಬುಡಮೇರು. 'ಏರು' ಅಂದರೆ ತೆಲುಗಿನಲ್ಲಿ ಹೊಳೆ. ಮೈಲವರಂ ಕಡೆಯ ಗುಡ್ಡಗಳ ನೀರನ್ನು ಹೊತ್ತು ಊರಿನ ಉತ್ತರ ಭಾಗವನ್ನು ಹಾದು ಕೊಲ್ಲೇರು ಸರೋವರಕ್ಕೆ ಸೇರುವ ಹೊಳೆ. ವರ್ಷದ ಬಹುಪಾಲು ದಿನ ಅದು ಹೊಳೆಯೆಂದು ನಂಬುವುದೇ ಕಷ್ಟ. ಆದರೂ ಹಳಬರು ಅದನ್ನು ವಿಜಯವಾಡದ ದುಃಖದಾಯಿನಿ ಎಂದೇ ಕರೆಯುತ್ತಾರೆ. ಊರನ್ನು ಉಳಿಸಲೆಂದು ಬಹಳ ಹಿಂದೆಯೇ ವೆಲಗಲೇರು ಎಂಬಲ್ಲಿ ಗೇಟುಗಳನ್ನು ಕಟ್ಟಿ, ಅಲ್ಲಿಂದ ಒಂದು ಕಾಲುವೆ ತೋಡಿ, ಬುಡಮೇರಿನ ನೀರನ್ನು ಇಬ್ರಾಹಿಂಪಟ್ನಂ ಹತ್ತಿರ ಕೃಷ್ಣೆಗೆ ತಿರುಗಿಸಿದರು. ಅದು ಬ್ಯಾರೇಜಿಗಿಂತ ಮೇಲೆ, ನಮ್ಮ ಭವಾನಿಪುರಂಗಿಂತಲೂ ಮೇಲೆ. 2015ರಿಂದ ಪಟ್ಟಿಸೀಮೆಯ ಗೋದಾವರಿ ನೀರು ಕೃಷ್ಣೆಗೆ ಸೇರುವುದೂ ಅಲ್ಲೇ. ಪವಿತ್ರ ಸಂಗಮಂ ಎಂದು ನಾವೆಲ್ಲ ಆರತಿ ನೋಡಲು ಹೋದೆವಲ್ಲ, ಅದೇ ಜಾಗ.

2024ರ ಆಗಸ್ಟ್ 31 ಮತ್ತು ಸೆಪ್ಟೆಂಬರ್ 1ರ ಮಳೆಗೆ ಬುಡಮೇರು ತುಂಬಿತು. ಅದೇ ಹೊತ್ತಿಗೆ ಕೃಷ್ಣೆಯೂ ಏರಿದಳು. ಸೆಪ್ಟೆಂಬರ್ 2ರಂದು ಬ್ಯಾರೇಜಿನಲ್ಲಿ 11.43 ಲಕ್ಷ ಕ್ಯೂಸೆಕ್ ನೀರು ಹರಿಯಿತು. ಅದು ದಾಖಲೆ. 2009ರ ಅಕ್ಟೋಬರ್ ಪ್ರವಾಹವನ್ನೂ ಅದು ಮೀರಿಸಿತು. ಬ್ಯಾರೇಜನ್ನು ಕಟ್ಟಿದ ಲೆಕ್ಕವೇ 11.9 ಲಕ್ಷ ಎಂದ ಮೇಲೆ ಅಂಚು ಎಷ್ಟು ಉಳಿದಿತ್ತೆಂದು ನೀವೇ ನೋಡಿ. ನದಿಯೇ ತುಂಬಿ ನಿಂತಾಗ ತಿರುವು ಕಾಲುವೆಯ ನೀರು ಎಲ್ಲಿಗೆ ಇಳಿಯಬೇಕು? ಅಡುಗೆಮನೆಯ ಮೋರಿ ಕಟ್ಟಿಕೊಂಡರೆ ಸಿಂಕಿನ ನೀರು ಹಿಂದಕ್ಕೆ ಬರುವುದಿಲ್ಲವೇ, ಹಾಗೆ. ಕಾಲುವೆಯ ಏರಿ ಮೂರು ಕಡೆ ಒಡೆಯಿತು. ಸಿಂಗ್ ನಗರ, ರಾಜರಾಜೇಶ್ವರಿ ಪೇಟ, ಪಾಯಕಾಪುರಂ, ಕಂಡ್ರಿಕ, ನಮ್ಮ ಕಡೆ ಊರ್ಮಿಳಾ ನಗರ, ಜೋಜಿ ನಗರ, ಕಬೇಳ, ಭವಾನಿಪುರಂನ ತಗ್ಗಿನ ಬೀದಿಗಳು ಎಲ್ಲ ಮುಳುಗಿದವು. ಡ್ರೋನಿನಲ್ಲಿ ಊಟದ ಪೊಟ್ಟಣ ಬಂದದ್ದನ್ನು ನೀವು ಟಿವಿಯಲ್ಲಿ ನೋಡಿರುತ್ತೀರಿ. ಸೈನ್ಯದವರು ಬಂದ ಮೇಲೆ ಒಡಕು ಮುಚ್ಚಿತು.

ನೀರು ಇಳಿದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: ಬುಡಮೇರನ್ನು ಒತ್ತುವರಿ ಮಾಡಿದರು, ಅದಕ್ಕೇ ಹೀಗಾಯಿತು. ಈ ಮಾತು ನಿಜ, ಆದರೆ ಅರ್ಧ. ಈ ಊರಿಗೆ ಸಮತಟ್ಟಾದ ನೆಲ ಎಷ್ಟಿದೆ? ಒಂದು ಕಡೆ ನದಿ. ನಡುವೆ ಏಲೂರು, ಬಂದರು, ರೈವಸ್ ಕಾಲುವೆಗಳು. ಉಳಿದ ಕಡೆ ಗುಡ್ಡ. ಬಡವರು ಗುಡ್ಡ ಹತ್ತಿದರು. ಮೊಗಲರಾಜಪುರಂನಲ್ಲಿ ಅದೇ ಮಳೆಗೆ ಬಂಡೆ ಜಾರಿ ಮನೆಗಳ ಮೇಲೆ ಬಿದ್ದು ಸಾವುಗಳಾದವು. ಗುಡ್ಡ ಹತ್ತಲಾಗದವರು ಬುಡಮೇರಿನ ತಗ್ಗಿಗೆ ಇಳಿದರು. ಸಿಂಗ್ ನಗರದ ಆಚೆ ವಾಂಬೆ ಕಾಲೋನಿ ಎಂದು ಇದೆ. ಆ ಹೆಸರು ಬಂದದ್ದೇ ವಾಲ್ಮೀಕಿ ಅಂಬೇಡ್ಕರ್ ಆವಾಸ್ ಯೋಜನೆಯಿಂದ. ಅಂದರೆ ಬಡವರಿಗೆ ಸರ್ಕಾರವೇ ಕಟ್ಟಿಸಿಕೊಟ್ಟ ಮನೆಗಳು. ಅವೂ ಮುಳುಗಿದವು. ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ಇರುವುದೂ ಅಂಥದೇ ಒಂದು ಮನೆಯಲ್ಲಿ. "ಅಮ್ಮಾ, ನಾವು ಒತ್ತುವರಿ ಮಾಡಿಲ್ಲ. ಕಾಗದ ಕೊಟ್ಟು, ಬೀಗದ ಕೈ ಕೊಟ್ಟು ಕಳಿಸಿದರು" ಎಂದಳು. ಅವಳಿಗೆ ನಾನು ಏನು ಹೇಳಲಿ?

ಇಲ್ಲಿ ನನ್ನ ತವರಿನ ಮಾತು ಬೇಕಾಗುತ್ತದೆ. ನನ್ನ ತವರು ಹಳೇ ಬಾಗಲಕೋಟೆ. ಆಲಮಟ್ಟಿಯ ಹಿನ್ನೀರಿಗೆ ಹೋದ ಬೀದಿಗಳಲ್ಲಿ ನಮ್ಮ ಬೀದಿಯೂ ಒಂದು. ಆಣೆಕಟ್ಟಿನಲ್ಲಿ ನೀರು ನಿಲ್ಲಬೇಕಾದ ಮಟ್ಟ 519.60 ಮೀಟರ್. ಆದರೆ ಊರಿನಲ್ಲಿ ತೆರವಿನ ಗೆರೆ ಎಳೆದದ್ದು ಅದೇ ಮಟ್ಟಕ್ಕಲ್ಲ. ಮೊದಲು 521 ಮೀಟರ್ ಎಂದರು, ಆಮೇಲೆ 523 ಎಂದರು. ನೀರಿಗೆಂದು ಸ್ವಲ್ಪ ಹೆಚ್ಚೇ ಜಾಗ ಬಿಟ್ಟರು. ಅಳತೆಯವರು ಬಂದು ಮನೆ ಮನೆಗೆ ನಂಬರು ಬರೆದರು. ನನ್ನ ಅಜ್ಜಿ ಅವರಿಗೆ ಬೈದಳು, ಅತ್ತಳು, ಚಹಾನೂ ಕೊಟ್ಟಳು. 1983ರ ಕಾಯ್ದೆಯಿಂದ ಬಾಗಲಕೋಟೆ ಪಟ್ಟಣಾಭಿವೃದ್ಧಿ ಪ್ರಾಧಿಕಾರ ಬಂತು. ಎತ್ತರದಲ್ಲಿ ನವನಗರ ಕಟ್ಟಿದರು. ಅದರ ಯೋಜನೆಗೆ ಚಾರ್ಲ್ಸ್ ಕೊರಿಯಾ ಅವರಂಥ ದೊಡ್ಡ ವಾಸ್ತುಶಿಲ್ಪಿಯನ್ನೇ ಕರೆಸಿದ್ದರು. ನವನಗರದಲ್ಲಿ ಎಲ್ಲವೂ ಸರಿಯಾಯಿತು ಎಂದು ನಾನು ಹೇಳುವುದಿಲ್ಲ. ಪರಿಹಾರದ ಜಗಳ ವರ್ಷಗಟ್ಟಲೆ ನಡೆಯಿತು. ಹಳೇ ಊರಿನ ಕಟ್ಟೆ, ಕಟ್ಟೆಯ ಮೇಲಿನ ಹರಟೆ ಸೆಕ್ಟರುಗಳಲ್ಲಿ ಹುಟ್ಟಲಿಲ್ಲ. ಆದರೆ ಗೆರೆ ಎಲ್ಲಿದೆ ಎಂಬುದು ಮಾತ್ರ ಊರಿನ ಕೂಸಿಗೂ ಗೊತ್ತಿತ್ತು. ಯಾರ ಮನೆ ಗೆರೆಯ ಒಳಗೆ, ಯಾರದು ಹೊರಗೆ ಎಂಬುದು ಮದುವೆಯ ಮಾತುಕತೆಯಲ್ಲೂ ಬರುತ್ತಿತ್ತು!

ಅಲ್ಲಿಂದ ಅದೇ ಕೃಷ್ಣೆಯ ಗುಂಟ ಇಳಿದು ಇಲ್ಲಿಗೆ ಬಂದೆ. (ಆಲಮಟ್ಟಿಯ ಎತ್ತರವನ್ನು 524 ಮೀಟರಿಗೆ ಏರಿಸುವ ವಿಷಯ ಬಂದರೆ ನಮ್ಮ ಪಕ್ಕದ ಮನೆಯವರು ಈಗಲೂ ನನ್ನನ್ನೇ ಕರ್ನಾಟಕ ಸರ್ಕಾರವೆಂದು ತಿಳಿದು ವಾದಕ್ಕೆ ಬರುತ್ತಾರೆ.) ಬಾಗಲಕೋಟೆಯಲ್ಲಿ ನೀರಿಗಾಗಿ ಗೆರೆ ಎಳೆದು ಜನರನ್ನು ಎಬ್ಬಿಸಿದರು. ಇಲ್ಲಿ ಜನರಿಗಾಗಿ ಗೆರೆಯನ್ನು ಪ್ರತಿಸಲವೂ ಸ್ವಲ್ಪ ಸ್ವಲ್ಪ ಅಳಿಸಿದರು.

ಗೆರೆ ಇರಲೇ ಇಲ್ಲ ಎಂದಲ್ಲ. 2012ರ ಆಂಧ್ರದ ಕಟ್ಟಡ ನಿಯಮಗಳನ್ನು ತೆಗೆದು ನೋಡಿ. ನದಿಯ ಅಂಚಿನಿಂದ ಊರಿನ ಮಿತಿಯೊಳಗೆ 50 ಮೀಟರ್, ಊರಾಚೆ 100 ಮೀಟರ್ ಬಿಡಬೇಕು. 10 ಮೀಟರಿಗಿಂತ ಅಗಲವಾದ ಕಾಲುವೆ, ವಾಗು, ನಾಲೆಗಳಾದರೆ 9 ಮೀಟರ್ ಬಿಡಬೇಕು. ಅದಕ್ಕಿಂತ ಕಿರಿದಾದವಕ್ಕೆ 2 ಮೀಟರ್. ಎಷ್ಟು ಸ್ಪಷ್ಟವಾಗಿದೆ! ಬಿ.ಎ.ಯಲ್ಲಿ ನಾನು ಓದಿದ ಇಂಗ್ಲಿಷಿಗೂ ಈ ನಿಯಮಗಳ ಇಂಗ್ಲಿಷಿಗೂ ಸಂಬಂಧವಿಲ್ಲ. ಮೂರು ಸಲ ಓದಿದರೆ ಮಾತ್ರ ಅರ್ಥವಾಗುತ್ತದೆ. ಅರ್ಥವಾದ ಮೇಲೆ ಟೇಪು ಹಿಡಿದು ನಮ್ಮ ಮುರುಗು ಕಾಲುವೆಯ ಪಕ್ಕ ಅಳೆಯಬೇಕೆನಿಸಿತು. ಅಳೆಯಲು ಜಾಗವೇ ಇರಲಿಲ್ಲ, ಗೋಡೆ ನೀರಿಗೆ ತಾಗಿಕೊಂಡೇ ಇತ್ತು. ನದಿಯ ಆಚೆ ದಡದ ಉಂಡವಲ್ಲಿಯಲ್ಲಿ ಸರ್ಕಾರವೇ ಕಟ್ಟಿದ್ದ ಪ್ರಜಾವೇದಿಕೆಯನ್ನು, ನದಿಪಾತ್ರದ ನಿಯಮ ಮೀರಿದೆಯೆಂದು 2019ರ ಜೂನಿನಲ್ಲಿ ಮುಂದಿನ ಸರ್ಕಾರ ಕೆಡವಿಸಿತು. ಅದರ ರಾಜಕೀಯ ನನಗೆ ಬೇಡ. ಆದರೆ ನಿಯಮ ಬರೆದವರ ಕಟ್ಟಡವೇ ನಿಯಮದ ಹೊರಗೆ ನಿಂತಿತ್ತು ಎಂದ ಮೇಲೆ ನಮ್ಮ ಬೀದಿಯ ಗೋದಾಮನ್ನು ಯಾರು ಕೇಳುತ್ತಾರೆ?

ಇನ್ನು ನಿಯಮ ಮೀರಿದವರಿಗೆ ಕ್ಷಮೆಯ ದಾರಿಯೂ ಇದೆ. 2007ರ ಕೊನೆಯಲ್ಲಿ ಆಂಧ್ರದಲ್ಲಿ ದಂಡ ಕಟ್ಟಿ ಕಟ್ಟಡವನ್ನೂ ಲೇಔಟನ್ನೂ ಸಕ್ರಮ ಮಾಡಿಕೊಳ್ಳುವ ಯೋಜನೆಗಳು ಬಂದವು. ಕೊನೆಯ ಅವಕಾಶವೆಂದು ಹೇಳಿಕೊಂಡೇ ಅವು ಮತ್ತೆ ಮತ್ತೆ ಬಂದವು. ನಮ್ಮ ಕರ್ನಾಟಕದವರು ನಗಬೇಕಾಗಿಲ್ಲ, ಅಲ್ಲಿಯ ಅಕ್ರಮ-ಸಕ್ರಮಕ್ಕೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ತಡೆ ಕೊಡಬೇಕಾಯಿತು. ದುಡಿದು ಉಳಿಸಿ ಮನೆ ಕಟ್ಟಿಕೊಂಡು, ಒಂದು ಸಹಿ ಇಲ್ಲವೆಂದು ಹೆದರಿ ಬದುಕುವ ಸಂಸಾರಕ್ಕೆ ಇಂಥ ಯೋಜನೆ ಬೇಕು ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ದಂಡ ಕಟ್ಟಿದ ರಸೀತಿಯನ್ನು ನೀರಿಗೆ ತೋರಿಸಲಾಗುವುದಿಲ್ಲ. ಮೋರಿಯ ಮೇಲೆ ಕಟ್ಟಿದ್ದು ಸಕ್ರಮವಾದ ಮೇಲೂ ಮೋರಿಯ ಮೇಲೇ ಇರುತ್ತದೆ.

ವಿಶಾಖಪಟ್ಟಣದ ನಮ್ಮ ಬಳಗದವರಿಗೆ ನೀರಿನ ಕಥೆ ದೂರ ಎನಿಸಬಹುದು. ಅವರಿಗೆ 2020ರ ಮೇ 7 ನೆನಪಿರುತ್ತದೆ. ಗೋಪಾಲಪಟ್ನಂ ಹತ್ತಿರದ ಆರ್.ಆರ್. ವೆಂಕಟಾಪುರಂನಲ್ಲಿ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಬೆಳಗಿನ ಜಾವ ಸ್ಟೈರೀನ್ ಅನಿಲ ಸೋರಿತು. 12 ಜನ ತೀರಿಕೊಂಡರು. ನೂರಾರು ಜನ ಆಸ್ಪತ್ರೆ ಸೇರಿದರು. ಮಲಗಿದ್ದವರು ಎದ್ದು ಓಡುತ್ತ ರಸ್ತೆಯಲ್ಲೇ ಬಿದ್ದರು. ಆ ಕಾರ್ಖಾನೆ 1961ರಲ್ಲಿ ಹಿಂದೂಸ್ತಾನ್ ಪಾಲಿಮರ್ಸ್ ಎಂಬ ಹೆಸರಿನಲ್ಲಿ ಶುರುವಾದದ್ದು. ಆಗ ಅದು ಊರಾಚೆ. ಆಮೇಲೆ ಊರು ಅದರ ಬಾಗಿಲಿಗೆ ಬಂತು. ಸೋರಿಕೆ ಆದದ್ದು ಕಾರ್ಖಾನೆಯ ಅಲಕ್ಷ್ಯದಿಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟು ಮನೆಗಳು ಅಷ್ಟು ಹತ್ತಿರಕ್ಕೆ ಹೇಗೆ ಬಂದವು? ಪ್ರತಿ ಮನೆಗೂ ಯಾರೋ ಒಬ್ಬರು ನಲ್ಲಿ ಕೊಟ್ಟಿದ್ದಾರೆ, ಕರೆಂಟು ಕೊಟ್ಟಿದ್ದಾರೆ, ತೆರಿಗೆ ವಸೂಲು ಮಾಡಿದ್ದಾರೆ. ಸರ್ಕಾರ ನೇಮಿಸಿದ ಉನ್ನತ ಸಮಿತಿ ಕಾರ್ಖಾನೆಯನ್ನು ಜನವಸತಿಯಿಂದ ದೂರಕ್ಕೆ ಒಯ್ಯಬೇಕೆಂದು ಅದೇ ವರ್ಷ ಶಿಫಾರಸು ಮಾಡಿತು. ನೇರಳೆ ಬಣ್ಣಕ್ಕೂ ಹಳದಿ ಬಣ್ಣಕ್ಕೂ ನಡುವೆ ಒಂದು ಹಸಿರು ಪಟ್ಟಿ ಯಾಕೆ ಬೇಕು ಎಂಬುದನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ.

ಇತ್ತೀಚೆಗೆ ಬೆಂಗಳೂರಿನಿಂದ ನನ್ನ ಅಣ್ಣನ ಮಗ ಫೋನು ಮಾಡಿದ್ದ. ಸರ್ಜಾಪುರ ರಸ್ತೆಯ ಕಡೆ ಸೈಟು ನೋಡಿದ್ದಾನಂತೆ.

"ಅತ್ತಿ, ಎಲ್ಲಾ ಕ್ಲಿಯರ್ ಐತಿ. ಅಪ್ರೂವ್ಡ್ ಲೇಔಟು. ಬ್ಯಾಂಕಿನವರೂ ಸಾಲ ಕೊಡ್ತಾರ" ಎಂದ.

"ನಕ್ಷೆದಾಗ ಯಾವ ಬಣ್ಣ ಐತೋ ತಮ್ಮಾ?" ಎಂದು ಕೇಳಿದೆ.

ಆ ಕಡೆ ಮೌನ. ಆಮೇಲೆ ನಕ್ಕ. ಅತ್ತಿಗೆ ಪ್ರವಾಹದ ಹುಚ್ಚು ಹತ್ತಿದೆ ಎಂದುಕೊಂಡಿರಬೇಕು. "2022ರ ಸೆಪ್ಟೆಂಬರದಾಗ ಅದೇ ಸರ್ಜಾಪುರ ರಸ್ತೆಯ ದೊಡ್ಡ ದೊಡ್ಡ ಬಂಗಲೆದವ್ರನ್ನ ಟ್ರಾಕ್ಟರದಾಗ ಕೂಡಿಸಿ ಕರ್ಕೊಂಡು ಹೋದ್ರಲ್ಲ, ಅವರದೂ ಬ್ಯಾಂಕಿನ ಸಾಲದ ಮನೀನೇ" ಎಂದ ಮೇಲೆ ನಗು ನಿಂತಿತು.

ಬೆಂಗಳೂರಿನವರಿಗೆ ಇದು ಹೊಸತಲ್ಲ. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯಲ್ಲಿ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. ಕೆರೆಗಳನ್ನು ಮುಚ್ಚಿದವರೂ ಏನೋ ಒಳ್ಳೆಯದಕ್ಕೇ ಮುಚ್ಚಿದ್ದು. ಬಸ್ಸು ಬೇಡವೇ, ಆಟ ಬೇಡವೇ? ಹಾಗೆ ನೋಡಿದರೆ ನಮ್ಮ ಗೋದಾಮಿನಿಂದಲೂ ಹತ್ತು ಸಂಸಾರ ಬದುಕುತ್ತಿರಬಹುದು.

ಇದೇ ವಾದ ಒಮ್ಮೆ ದೇಶದ ಅತಿ ದೊಡ್ಡ ಕೋರ್ಟಿನವರೆಗೆ ಹೋಗಿತ್ತು. ಬೆಂಗಳೂರಿನ ಸದಾಶಿವನಗರ, ಅಂದರೆ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ, ಸ್ಯಾಂಕಿ ಕೆರೆಯ ಹತ್ತಿರ ಬಡಾವಣೆಯ ಯೋಜನೆಯಲ್ಲೇ ತೆರೆದ ಜಾಗವೆಂದು ಬಿಟ್ಟಿದ್ದ ನೆಲವೊಂದಿತ್ತು. 1976ರಲ್ಲಿ ಸರ್ಕಾರದ ಆದೇಶದ ಮೇಲೆ ಅದನ್ನು ಆಸ್ಪತ್ರೆ ಕಟ್ಟಲು ಒಂದು ಖಾಸಗಿ ಟ್ರಸ್ಟಿಗೆ ಕೊಟ್ಟರು. ಆಸ್ಪತ್ರೆ ಕೆಟ್ಟದ್ದೇನಲ್ಲ. ಆದರೆ ಅಲ್ಲಿಯ ನಿವಾಸಿಗಳು ಸುಮ್ಮನಿರಲಿಲ್ಲ. ಇದು ನಮ್ಮ ಉದ್ಯಾನದ ಜಾಗ ಎಂದು ಹೈಕೋರ್ಟಿಗೆ ಹೋದರು. ಮೊದಲು ಸೋತರು, ಮೇಲ್ಮನವಿಯಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪರವಾಗಿ ತೀರ್ಪು ಕೊಟ್ಟಿತು. ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಮನಸ್ಸು ಬಂದ ಹಾಗೆ ಖಾಸಗಿಯವರಿಗೆ ಕೊಡುವಂತಿಲ್ಲ, ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿ ವಾಸಿಸುವವರಿಗೆ ಇದೆ ಎಂದಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಪ್ರಕರಣ ಎಂದರೆ ಕಾನೂನು ಓದುವ ಮಕ್ಕಳಿಗೆಲ್ಲ ಗೊತ್ತು. 15 ವರ್ಷ ಹಿಡಿಯಿತು. ಎಷ್ಟು ಜನಕ್ಕೆ ಅಷ್ಟು ತಾಳ್ಮೆ, ಅಷ್ಟು ದುಡ್ಡು ಇರುತ್ತದೆ ಎಂದು ನೀವು ಕೇಳಬಹುದು. ನಿಜ. ಸದಾಶಿವನಗರದವರಿಗೆ ಇದ್ದದ್ದು ವಾಂಬೆ ಕಾಲೋನಿಯವರಿಗೆ ಇರುವುದಿಲ್ಲ. ಅದಕ್ಕೇ ಆ 15 ದಿನದ ಪ್ರಕಟಣೆ ದೊಡ್ಡದು. ಅದಕ್ಕೆ ವಕೀಲರು ಬೇಡ. ಒಂದು ಬಿಳಿ ಹಾಳೆ, ನಾಲ್ಕು ಮನೆಯವರ ಸಹಿ ಸಾಕು.

ಆಕ್ಷೇಪಣೆ ಬರೆದರೆ ಯಾರು ಓದುತ್ತಾರೆ ಎನ್ನುವವರಿಗೆ ಇನ್ನೊಂದು ಸಂಗತಿ. 2015ರ ಡಿಸೆಂಬರಿನಲ್ಲಿ ಸಿಆರ್‌ಡಿಎ ತನ್ನ ಇಡೀ ಪ್ರದೇಶದ ಕರಡು ಯೋಜನೆಯನ್ನು ಹೊರಡಿಸಿತು. ಅದರಲ್ಲಿ ಕೃಷಿ ಸಂರಕ್ಷಣಾ ವಲಯಗಳೆಂದು ದೊಡ್ಡ ದೊಡ್ಡ ಹಸಿರು ಪಟ್ಟಿಗಳಿದ್ದವು. ಕೃಷ್ಣಾ, ಗುಂಟೂರು ಜಿಲ್ಲೆಗಳ ರೈತರು ಭೂಮಿಯ ಬೆಲೆ ಬಿದ್ದು ಹೋಗುತ್ತದೆಂದು ಗದ್ದಲ ಎಬ್ಬಿಸಿದರು, ರಾಶಿ ರಾಶಿ ಆಕ್ಷೇಪಣೆ ಕೊಟ್ಟರು. ಅವಧಿಯನ್ನು ಮುಂದಕ್ಕೆ ಹಾಕಬೇಕಾಯಿತು. ರೈತರ ಕಷ್ಟ ನನಗೆ ಅರ್ಥವಾಗುತ್ತದೆ. ಪಕ್ಕದವನ ಹೊಲ ಹಳದಿಯಾಗಿ ಕೋಟಿ ಬೆಳೆಯುವಾಗ ನನ್ನದು ಮಾತ್ರ ಹಸಿರಾಗಿ ಭತ್ತ ಬೆಳೆಯಬೇಕು ಎಂದರೆ ಯಾರು ಒಪ್ಪುತ್ತಾರೆ? ಆದರೆ ಆ ಗದ್ದಲದಲ್ಲಿ ನಗರದ ನಾವು ಎಲ್ಲಿದ್ದೆವು? ಹಸಿರು ಉಳಿಯಲಿ, ಅದು ನಮ್ಮ ನೀರಿನ ಜಾಗ ಎಂದು ಒಂದು ಕಾರ್ಡು ಬರೆದವರನ್ನು ನಮ್ಮ ಬೀದಿಯಲ್ಲಿ ನಾನು ಕಾಣೆ.

ಅಮೆರಿಕದಲ್ಲಿ ಎಲ್ಲ ಸರಿಯಿರುತ್ತದೆ ಎಂದು ತಿಳಿದವರಿಗೆ ಹ್ಯೂಸ್ಟನ್ ಕಥೆ ಹೇಳುತ್ತೇನೆ. ನಮ್ಮವರು, ತೆಲುಗಿನವರು ಅಲ್ಲಿ ಬಹಳ. ಆ ದೊಡ್ಡ ಊರಿಗೆ ಝೋನಿಂಗ್ ಕಾಯ್ದೆಯೇ ಇಲ್ಲ. ಊರನ್ನು ಪ್ರವಾಹದಿಂದ ಉಳಿಸಲು 1940ರ ದಶಕದಲ್ಲಿ ಅಡಿಕ್ಸ್, ಬಾರ್ಕರ್ ಎಂಬ ಎರಡು ಜಲಾಶಯ ಕಟ್ಟಿದರು. ಸಾಮಾನ್ಯ ದಿನಗಳಲ್ಲಿ ಅವು ಒಣ ಬಯಲು. ಆ ಜಲಾಶಯಗಳು ಪೂರ್ತಿ ತುಂಬಿದರೆ ನೀರು ನಿಲ್ಲುವ ನೆಲದಲ್ಲೂ ಬಡಾವಣೆಗಳು ಎದ್ದವು. 2017ರ ಆಗಸ್ಟಿನಲ್ಲಿ ಹಾರ್ವೆ ಚಂಡಮಾರುತಕ್ಕೆ ಜಲಾಶಯ ತುಂಬಿತು, ಮನೆಗಳು ಮುಳುಗಿದವು. ತಾವು ಜಲಾಶಯದ ಒಳಗೇ ಮನೆ ಮಾಡಿದ್ದೇವೆಂದು ಬಹಳ ಮಂದಿಗೆ ಗೊತ್ತಾದದ್ದು ಆಗಲೇ. ಒಂದು ಕಡೆಯ ಬಡಾವಣೆ ನಕ್ಷೆಗಳ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದೇ ಇತ್ತಂತೆ, ಇಲ್ಲಿ ನೀರು ನಿಲ್ಲಬಹುದು ಎಂದು. ಅವರದೂ ಒಂದು ಥರ ಉಪ್ಪಿನಕಾಯಿ ಭರಣಿಯ ಕೆಳಗಿನ ಕಾಗದವೇ.

ಆ ಹಾಳೆ ಸಿಕ್ಕ ಮೇಲೆ ನಾನೂ ಎದುರುಮನೆಯವರೂ ಸೇರಿ ನಕ್ಷೆ ನೋಡಲು ಕಚೇರಿಗೆ ಹೋದೆವು. ಮೊದಲ ದಿನ ಸಾಹೇಬರು ಇರಲಿಲ್ಲ. ಎರಡನೆಯ ದಿನ, "ನಿಮಗ್ಯಾಕಮ್ಮಾ ಇದೆಲ್ಲ, ಯಜಮಾನರನ್ನು ಕಳಿಸಿ" ಎಂದರು. ಮೂರನೆಯ ದಿನ ಒಬ್ಬ ಚಿಕ್ಕ ವಯಸ್ಸಿನ ಹುಡುಗಿ, ನಿಮ್ಮ ಹಾಗೆಯೇ ಓದಿದವಳು, ಕಂಪ್ಯೂಟರಿನಲ್ಲಿ ನಮ್ಮ ಬೀದಿಯನ್ನು ತೆಗೆದು ತೋರಿಸಿದಳು. ನಮ್ಮ ಮನೆ ಹಳದಿ, ಹಿಂದೆ ನೀಲಿ. ಹಿಂದೆ ಅದು ಹಸಿರಾಗಿತ್ತು ಎಂದು ಹಳೆಯ ನಕ್ಷೆಯನ್ನೂ ತೋರಿಸಿದಳು. ನಮ್ಮ ಹಿಂದಿನ ನೀಲಿಯ ಬಗ್ಗೆ ಈಗ ಮಾಡುವುದಕ್ಕೇನೂ ಇಲ್ಲ. ಆದರೆ ಬೀದಿಯ ಕೊನೆಯಲ್ಲಿ ಇನ್ನೊಂದು ಹಸಿರು ತುಂಡು ಉಳಿದಿದೆ, ಮುರುಗು ಕಾಲುವೆಗೆ ತಾಗಿ. ಈಗ ನಮ್ಮ ಬೀದಿಯ ಐದು ಮನೆಯವರು ಸರದಿಯ ಮೇಲೆ ಪತ್ರಿಕೆಯ ಪ್ರಕಟಣೆಗಳನ್ನು ನೋಡುತ್ತೇವೆ. ನನ್ನ ಪಾಲಿಗೆ ಮಂಗಳವಾರ, ಶುಕ್ರವಾರ. ಆ ತುಂಡಿನ ಸರ್ವೆ ನಂಬರನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ.

ನೀವು ಸೈಟು ನೋಡಲು ಹೋಗುವಾಗ ಮಳೆಗಾಲದಲ್ಲಿ ಒಮ್ಮೆ ಹೋಗಿ. ಪಕ್ಕದ ಹೊಲದ ಮುದುಕರನ್ನು ಕೇಳಿ, ಅವರಿಗೆ ಹಳ್ಳ ಎಲ್ಲಿ ಹರಿಯುತ್ತಿತ್ತೆಂದು ನೆನಪಿರುತ್ತದೆ. ಸರ್ವೆ ನಂಬರು ಕೊಟ್ಟು ಭೂಬಳಕೆಯ ಪ್ರಮಾಣಪತ್ರ ಕೇಳಿ. ಅಪ್ರೂವ್ಡ್ ಎಂದರೆ ಮಂಜೂರಾದ ಲೇಔಟ್ ನಕ್ಷೆಯನ್ನೇ ತೋರಿಸಲು ಹೇಳಿ. ಅದರಲ್ಲಿ ಉದ್ಯಾನ ಎಲ್ಲಿದೆ, ನೆಲದ ಮೇಲೆ ಆ ಜಾಗದಲ್ಲಿ ಈಗ ಏನಿದೆ ಎಂದು ನಡೆದು ನೋಡಿ. 2016ರ ರೇರಾ ಕಾಯ್ದೆ ಬಂದ ಮೇಲೆ ಕಾಗದ ತೋರಿಸಲು ಮಾರುವವರು ಮೊದಲಿನಷ್ಟು ಮೊಂಡು ಮಾಡುವುದಿಲ್ಲ. ಆದರೆ ರೇರಾ ಕಾಗದದಲ್ಲಿ ನೀರಿನ ದಾರಿ ಬರೆದಿರುವುದಿಲ್ಲ. ಅದನ್ನು ನೀವೇ ಹುಡುಕಬೇಕು.

ಅಣ್ಣನ ಮಗ ಮೊನ್ನೆ ಒಂದು ಚಿತ್ರ ಕಳಿಸಿದ್ದಾನೆ, ಅವನ ಸೈಟಿನ ಸುತ್ತಲಿನ ನಕ್ಷೆ. ಸೈಟು ಹಳದಿಯೇ. ಆದರೆ ಅದರ ಮಗ್ಗುಲಲ್ಲೇ ಒಂದು ಸಣ್ಣ ನೀಲಿ ಗೆರೆ ಓಡಿದೆ, ಕೆರೆಯಿಂದ ಕೆರೆಗೆ. "ಅತ್ತಿ, ಇದು ರಾಜಕಾಲುವೆ ಏನು?" ಎಂದು ಕೇಳಿದ್ದಾನೆ. ಮುಂಗಡ ಇನ್ನೂ ಕೊಟ್ಟಿಲ್ಲವಂತೆ.

ಈ ಸಲದ ರಾಜ್ಯೋತ್ಸವದ ಮರುದಿನ, ಹಾಡು, ಊಟ ಎಲ್ಲ ಮುಗಿದ ಮೇಲೆ, ವಿಜಯವಾಡದ ನಕ್ಷೆಯ ಪ್ರತಿಯನ್ನು ನಮ್ಮ ಮನೆಯ ಮಹಡಿಯ ಮೇಲೆ ಹರಡುತ್ತೇನೆ. ಸೈಟು ನೋಡುತ್ತಿರುವವರು ಸರ್ವೆ ನಂಬರು ಬರೆದುಕೊಂಡು ಬನ್ನಿ. ತೆಲುಗು ಓದಲು ಚೆನ್ನಾಗಿ ಬರುವವರು ಇಬ್ಬರಾದರೂ ಬೇಕು, ಸಣ್ಣ ಅಕ್ಷರಕ್ಕೆ ನನ್ನ ಕನ್ನಡಕ ಸಾಲದು. ಚಹಾ, ಚೂಡಾ ನನ್ನದು.